ಮೂರರ ವೇಗಕ್ಕೆ ಒಂದು ಮೈಕು

ನನ್ನ ಧ್ವನಿ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು ನಿಜ, ಆದರೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೈಸೂರಿನಲ್ಲಿ ಶಾಲೆಯ ಪ್ರಾರ್ಥನೆಯಿಂದ ಹಿಡಿದು ಕಾಲೇಜಿನ ವಾರ್ಷಿಕೋತ್ಸವದವರೆಗೆ ಮೈಕಿನ ಮುಂದೆ ನಿಲ್ಲಿಸುತ್ತಿದ್ದದ್ದು ನನ್ನನ್ನೇ. ಮದುವೆಯಾಗಿ ನೋಯ್ಡಾಕ್ಕೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ದೆಹಲಿಯ ಕನ್ನಡದವರು ಸೇರಿ ಮಾಡುವ ರಾಜ್ಯೋತ್ಸವವಿರಲಿ, ಯುಗಾದಿಯಿರಲಿ, ನಿರೂಪಣೆಗೆ ನಾನೇ. ಕಾರ್ಯಕ್ರಮ ಮುಗಿದು ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ನಾಲ್ಕು ಜನ ಬಂದು "ಏನ್ ವಾಯ್ಸ್ ಮೇಡಂ ನಿಮ್ದು, ರೇಡಿಯೋದಲ್ಲಿ ಇರಬೇಕಿತ್ತು" ಎನ್ನುತ್ತಾರೆ. "ಅಯ್ಯೋ, ಬಿಡಿ" ಎಂದು ಕೈ ಆಡಿಸುತ್ತೇನೆ. ಮನೆ ಮುಟ್ಟುವವರೆಗೂ ಅದನ್ನೇ ಮೆಲುಕು ಹಾಕುತ್ತೇನೆ.

ಅಂಥದೇ ಒಂದು ಸಾಲಿನಲ್ಲಿ, ಒಂದು ನವೆಂಬರಿನಲ್ಲಿ, ಅವನು ಸಿಕ್ಕ. ಒಂದು ಕೈಯಲ್ಲಿ ಊಟದ ತಟ್ಟೆ, ಇನ್ನೊಂದರಲ್ಲಿ ಮಡಚಿದ ಬಿಳಿಕೋಲು. ಹುಟ್ಟಿನಿಂದ ಕಣ್ಣು ಕಾಣದವನು. ವಯಸ್ಸು ಮೂವತ್ತರ ಹತ್ತಿರ, ಆದರೆ ನನ್ನ ಲೆಕ್ಕಕ್ಕೆ ಹುಡುಗನೇ. ಊರು ದಾವಣಗೆರೆ, ಅಪ್ಪನದು ಮಂಡಕ್ಕಿ ಭಟ್ಟಿ. ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ರೂಮು ಹಿಡಿದು ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಓದುತ್ತಿದ್ದ.

"ನಿರೂಪಣೆ ಮಾಡಿದ್ದು ನೀವೇ ಅಲ್ವಾ ಅಕ್ಕ? ನೀವು ಒಂದು ಪುಸ್ತಕ ಓದಿದ್ರೆ ಹೆಂಗಿರುತ್ತೆ ಅಂತ ಯೋಚನೆ ಮಾಡ್ತಾ ಕೂತಿದ್ದೆ" ಎಂದ. ನಾನು ಅದನ್ನೂ ಹೊಗಳಿಕೆಯ ಖಾತೆಗೇ ಹಾಕಿಕೊಂಡು, "ಯಾವಾಗ ಬೇಕಾದ್ರೂ ಫೋನ್ ಮಾಡಪ್ಪ" ಎಂದು ನಂಬರು ಕೊಟ್ಟೆ. ಸಾಲಿನಲ್ಲಿ ನಿಂತು ಕೊಟ್ಟ ನಂಬರಿಗೆ ಯಾರು ಫೋನ್ ಮಾಡುತ್ತಾರೆ ಎಂದುಕೊಂಡಿದ್ದೆ.

ಜೂನ್ ತಿಂಗಳಲ್ಲಿ ಫೋನ್ ಬಂತು. ಪ್ರಿಲಿಮ್ಸ್ ಪಾಸಾಗಿದ್ದ. ಮೇನ್ಸಿಗೆ ಇನ್ನು ಹತ್ತು ವಾರ. ಆರಿಸಿಕೊಂಡಿದ್ದ ವಿಷಯ ಕನ್ನಡ ಸಾಹಿತ್ಯ. ಇಂಗ್ಲಿಷ್ ಪುಸ್ತಕಗಳಾದರೆ ಅವನ ಫೋನೇ ಓದಿ ಹೇಳುತ್ತಿತ್ತು. ಹಳಗನ್ನಡ ಕಾವ್ಯಗಳ ಹಳೇ ಮುದ್ರಣದ ಜೆರಾಕ್ಸ್ ಕೊಟ್ಟರೆ ಆ ಯಂತ್ರ ತೊದಲುತ್ತಿತ್ತು, ಇಲ್ಲವೇ ಸುಮ್ಮನಾಗುತ್ತಿತ್ತು. ಹಿಂದಿನ ವರ್ಷದವರೆಗೆ ಜೊತೆಯಲ್ಲಿದ್ದ ಹಾಸನದ ಗೆಳೆಯ ಓದಿ ಹೇಳುತ್ತಿದ್ದನಂತೆ. ಅವನು ಪರೀಕ್ಷೆಯ ಸಹವಾಸವೇ ಸಾಕೆಂದು ಊರಿಗೆ ಹೋಗಿಬಿಟ್ಟಿದ್ದ.

"ಅಬ್ಬಾಗೆ ಮಾತು ಕೊಟ್ಟಿದ್ದೀನಿ ಅಕ್ಕ, ಇದೇ ಕೊನೇ ಸಲ ಅಂತ. ಪುಸ್ತಕ ಎಲ್ಲ ನನ್ನ ಹತ್ರ ಇದಾವೆ. ಓದೋರು ಇಲ್ಲ" ಎಂದ.

ಇಷ್ಟು ಹೇಳಿದ ಮೇಲೆ ಇಲ್ಲ ಎನ್ನಲು ಬಾಯಿ ಬರುತ್ತದೆಯೇ? ಮರುದಿನವೇ, ಅವನು ಕೊಟ್ಟು ಕಳಿಸಿದ ಪುಸ್ತಕಗಳ ಕಟ್ಟು ಬಿಚ್ಚಿ, ಫೋನನ್ನು ಡೈನಿಂಗ್ ಟೇಬಲ್ಲಿನ ಮೇಲಿಟ್ಟು ಎರಡು ಅಧ್ಯಾಯ ಓದಿ ಕಳಿಸಿದೆ. "ತುಂಬಾ ಚೆನ್ನಾಗಿದೆ ಅಕ್ಕ. ಫ್ಯಾನಿನ ಸದ್ದು ಸ್ವಲ್ಪ ಜಾಸ್ತಿ, ಆದ್ರೂ ಪರವಾಗಿಲ್ಲ" ಎಂದು ಉತ್ತರ ಬಂತು. ಕೇಳಿ ನೋಡಿದೆ. ಸ್ವಲ್ಪವೆಲ್ಲಿ ಬಂತು, ಬಿರುಗಾಳಿಯಲ್ಲಿ ನಿಂತು ಓದಿದ ಹಾಗಿತ್ತು. ಒಂದು ಮೈಕು ತೆಗೆದುಕೊಳ್ಳಲೇಬೇಕು ಎಂದು ತೀರ್ಮಾನಿಸಿದೆ.

ನಮ್ಮ ಮನೆಯಲ್ಲಿ ಏನಾದರೂ ತೆಗೆದುಕೊಳ್ಳುವುದೆಂದರೆ ಅದು ಇವರ ಇಲಾಖೆ. ಇವರು ಎಂದರೆ ನನ್ನ ಗಂಡ, ನೋಯ್ಡಾದ ಒಂದು ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ಪರೀಕ್ಷೆ ಮಾಡುವವರು. ಮನೆಗೆ ಒಂದು ಕುಕ್ಕರ್ ಬರಬೇಕಾದರೂ ಎರಡು ತಿಂಗಳು ಎಕ್ಸೆಲ್ ಶೀಟ್ ತುಂಬಿಸುವ ಪ್ರಾಣಿ. ಮೈಕಿಗೂ ಒಂದು ಶೀಟ್ ತಯಾರಾಯಿತು. ಹದಿನಾಲ್ಕು ಮೈಕುಗಳು, ಪ್ರತಿಯೊಂದಕ್ಕೂ ಹನ್ನೊಂದು ಕಾಲಮ್ಮು. ಸಂಜೆಯಿಡೀ ಯೂಟ್ಯೂಬಿನಲ್ಲಿ ಗಡ್ಡದ ಹುಡುಗರು "ಇದರಲ್ಲಿ ಧ್ವನಿ ಬೆಚ್ಚಗೆ ಬರುತ್ತೆ, ತುಂಬಿಕೊಂಡು ಬರುತ್ತೆ" ಎಂದು ಹೇಳುವುದನ್ನು ಇಬ್ಬರೂ ಕೂತು ಕೇಳಿದೆವು. ಜೂನ್ ತಿಂಗಳ ದೆಹಲಿಯಲ್ಲಿ ಬೆಚ್ಚಗಿರುವುದು ಯಾರಿಗೆ ಬೇಕಾಗಿತ್ತೋ! ಒಂದು ವಾರ ಕಳೆಯಿತು.

"ರೀ, ಅವನ ಪರೀಕ್ಷೆ ಮುಗಿದ ಮೇಲೆ ತಗೋತೀರೇನು? ಅಳೆದೂ ಸುರಿದೂ ಸಾಕಾಯ್ತು, ಏಳಿ" ಎಂದು ರೇಗಿದೆ. ಶನಿವಾರ ಇವರನ್ನು ಎಬ್ಬಿಸಿಕೊಂಡು ಕೆಂಪುಕೋಟೆಯ ಎದುರಿನ ಹಳೇ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟಿಗೆ ಹೋದೆ.

ಅಂಗಡಿಯ ಯಜಮಾನ ವಯಸ್ಸಾದವನು. ಸ್ಟೂಲಿನ ಮೇಲೆ ಕೂತು ಚಹಾ ಹೀರುತ್ತಿದ್ದ. ಇವರು ಶೀಟಿನ ಪ್ರಿಂಟು ಬಿಚ್ಚಿದರು. ಅವನು ಅದರತ್ತ ಕಣ್ಣೂ ಹಾಕಲಿಲ್ಲ. "ಕಮರಾ ಕೈಸಾ ಹೈ, ಬಹನ್‌ಜೀ?" ಎಂದು ಕೇಳಿದ. ನಮ್ಮ ರೂಮು ಹೇಗಿದ್ದರೆ ಇವನಿಗೇನು! "ಎಲ್ಲರ ಮನೆ ರೂಮಿನ ಹಾಗೆ, ನಾಲ್ಕು ಗೋಡೆ, ಒಂದು ಕಿಟಕಿ" ಎಂದೆ. ಅವನು ಒಳಗಿನಿಂದ ಒಂದು ಕರೀ ಮೈಕು ತಂದಿಟ್ಟ. ಕೈಯಲ್ಲಿ ಹಿಡಿದು ಹಾಡುವಂಥದು, ತುದಿಗೆ ಜಾಲರಿಯ ಗುಂಡು. ನಮ್ಮ ಸೊಸೈಟಿಯಲ್ಲಿ ದೇವಿಯ ಜಾಗರಣೆಗೆ ಶಾಮಿಯಾನ ಹಾಕಿ ರಾತ್ರಿಯಿಡೀ ಭಜನೆ ಹಾಡುತ್ತಾರಲ್ಲ, ಅವರ ಕೈಯಲ್ಲಿರುವುದು ಅದೇ. "ಯಹೀ ಲೇ ಜಾಯಿಯೇ, ಸಸ್ತಾ ಭೀ ಹೈ" ಎಂದ. ಇದನ್ನೇ ಒಯ್ಯಬೇಕಂತೆ, ಅಗ್ಗವೂ ಹೌದಂತೆ.

ಜಾಗರಣೆಯ ಮೈಕು! ನನಗೆ! ಪಿತ್ತ ನೆತ್ತಿಗೇರಿತು. ಗಾಜಿನ ಕಪಾಟಿನಲ್ಲಿ ಇನ್ನೊಂದಿತ್ತು. ಬಂಗಾರದ ಬಣ್ಣ, ಜೇಡರ ಬಲೆಯಂಥ ಸ್ಟ್ಯಾಂಡಿನಲ್ಲಿ ತೂಗುತ್ತಿತ್ತು, ಬಾಯಿಗೆ ಅಡ್ಡವಾಗಿ ದುಂಡನೆಯ ಕರೀ ಪರದೆ. ಕಂಡೆನ್ಸರ್ ಮೈಕಂತೆ, ಸೂಜಿ ಬಿದ್ದರೂ ಹಿಡಿಯುತ್ತದಂತೆ. ಇವರ ಶೀಟಿನಲ್ಲೂ ಎರಡನೇ ನಂಬರು ಅದಕ್ಕೇ. ಅಂಗಡಿಯವನೇ ಪರೀಕ್ಷೆಗೆಂದು ಜೋಡಿಸಿಕೊಟ್ಟ, ನಾಲ್ಕು ಸಾಲು ಹೇಳಿದೆ, ಹೆಡ್‌ಫೋನಿನಲ್ಲಿ ಕೇಳಿದೆ. ಅಯ್ಯಯ್ಯೋ, ಏನು ಧ್ವನಿ! ಜೇನುತುಪ್ಪ! ನನಗೇ ನನ್ನ ಮೇಲೆ ಪ್ರೀತಿ ಬಂತು. "ಇದೇ ಸಾಕು, ಪ್ಯಾಕ್ ಮಾಡಿ ಭಯ್ಯಾ" ಎಂದೆ. ಮುದುಕ ಭುಜ ಕುಣಿಸಿ ಪ್ಯಾಕ್ ಮಾಡಿದ.

ಆಮೇಲಿನ ವಾರಗಳಲ್ಲಿ ನಮ್ಮ ಬೆಡ್‌ರೂಮು ಸ್ಟುಡಿಯೋ ಆಯಿತು. ಸೂಜಿ ಬಿದ್ದರೂ ಹಿಡಿಯುವ ಮೈಕು ಬರೀ ಸೂಜಿ ಹಿಡಿದು ಸುಮ್ಮನಾಗುತ್ತದೆಯೇ? ಫ್ಯಾನು, ಎಸಿ, ಹಳೇ ಸಾಮಾನು ಕೊಳ್ಳುವ ಕಬಾಡಿಯವನ ಕೂಗು, ರಿವರ್ಸ್ ತೆಗೆಯುವ ಕಾರಿನ ಪಿಟೀಲು, ಎಲ್ಲವನ್ನೂ ಹಿಡಿಯಿತು. ಫ್ಯಾನು, ಎಸಿ ಆರಿಸಿದೆ. ಚಳಿಗಾಲಕ್ಕೆಂದು ಕಟ್ಟಿಟ್ಟಿದ್ದ ಹತ್ತಿ ತುಂಬಿದ ರಜಾಯಿಗಳನ್ನು ತೆಗೆದು ಬಾಗಿಲಿಗೂ ಕಿಟಕಿಗೂ ನೇತು ಹಾಕಿದೆ. ಆಫೀಸು ಮುಗಿಸಿ ಬಂದು, ನಲವತ್ತು ಡಿಗ್ರಿ ಸೆಕೆಯಲ್ಲಿ ಆ ರಜಾಯಿಯ ಗವಿಯೊಳಗೆ ಬೆವರು ಒರೆಸಿಕೊಳ್ಳುತ್ತಾ ಕಾವ್ಯ ಓದಿದೆ. ಅಡುಗೆಮನೆ ಇವರ ಪಾಲಿಗೆ ಬಂತು. ನಾನು ಒಳಗೆ ಕೂತಾಗ ಕುಕ್ಕರ್ ಇಡುವ ಹಾಗಿಲ್ಲ. ಒಂದು ದಿನ ಇವರು ಮರೆತು ಇಟ್ಟರು, ಅದು ಸರಿಯಾಗಿ ಒಂದು ಪದ್ಯದ ಕೊನೆಯ ಸಾಲಿಗೆ ಕೂಗಿತು. ನಾನು ಹೊರಗೆ ಬಂದು ಆಡಿದ ಮಾತು ಇಲ್ಲಿ ಬರೆಯುವಂಥದಲ್ಲ. ಅಂದಿನಿಂದ ಇವರು ಪಾತ್ರೆಯಲ್ಲೇ ಅನ್ನ ಬಸಿದರು, ಪಾಪ.

ಹೇಗೆ ಓದಿದೆ ಎನ್ನುತ್ತೀರಿ! ಶೃಂಗಾರಕ್ಕೆ ಒಂದು ಧ್ವನಿ, ವೀರಕ್ಕೆ ಒಂದು ಧ್ವನಿ. ಶೋಕ ಬಂದರೆ ಸಾಲಿನ ಕೊನೆಯನ್ನು ಉಸಿರಿನಲ್ಲಿ ಕರಗಿಸಿಬಿಡುತ್ತಿದ್ದೆ. ಒಂದು ತುಣುಕನ್ನು ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಹೂವು, ಚಪ್ಪಾಳೆ, ಕೈಮುಗಿದ ಚಿತ್ರಗಳ ಮಳೆ ಸುರಿಯಿತು. ಅವನಿಂದ ಮಾತ್ರ ಪ್ರತಿ ಕಡತಕ್ಕೂ ಒಂದೇ ಉತ್ತರ: "ಸಿಕ್ತು ಅಕ್ಕ. ತುಂಬಾ ಥ್ಯಾಂಕ್ಸ್." ಹೊಗಳಿಕೆಯಲ್ಲಿ ಇಷ್ಟು ಜಿಪುಣತನವೇ ಎಂದು ಒಳಗೊಳಗೇ ಮುನಿಸಾಯಿತು.

ಅವನ ಮೊದಲ ಫೋನ್ ಬಂದು ಐದು ವಾರ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಕೋಡುಬಳೆ, ಚಿತ್ರಾನ್ನ ಕಟ್ಟಿಕೊಂಡು ಮೆಟ್ರೋ ಹತ್ತಿ ಅವನ ರೂಮಿಗೆ ಹೊರಟೆ. ಕೇಳಿದವರಿಗೆ ಅವನ ಊಟದ ಯೋಚನೆ ಎಂದೆ. ನಿಜ ಹೇಳಬೇಕೆಂದರೆ, ಎದುರೆದುರು ಕೂತರೆ ನಾಲ್ಕು ಒಳ್ಳೇ ಮಾತು ಬಂದೀತು ಎಂಬ ಆಸೆ.

ಮೂರನೇ ಮಹಡಿ, ಒಬ್ಬರೇ ಹತ್ತುವಷ್ಟು ಅಗಲದ ಮೆಟ್ಟಿಲು. ಬಾಗಿಲು ತೆರೆದಿತ್ತು. ಒಳಗಿನಿಂದ ಅಳಿಲು ಕಿಚಗುಟ್ಟಿದಂಥ ಸದ್ದು, ಉಸಿರು ಬಿಡದೆ. ಅವನು ಹಾಸಿಗೆಯ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದ.

"ಏನೋ ಇದು? ಯಾವ ಭಾಷೆ?" ಎಂದೆ.

"ಅಕ್ಕ! ಬನ್ನಿ ಬನ್ನಿ. ಕನ್ನಡಾನೇ. ನಮ್ಮ ಅಮ್ಮಿ ಓದಿದ್ದು."

ಅಮ್ಮಿ ಎಂದರೆ ಅವನ ತಾಯಿ. ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಇವನು ಪಿಯುಸಿಯಲ್ಲಿದ್ದಾಗ ಸಾಹಿತ್ಯ ಚರಿತ್ರೆಯ ನೋಟ್ಸನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ, ಫೋನನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಓದಿದ್ದರಂತೆ. ಅದನ್ನು ಇವನು ಇವತ್ತಿಗೂ ಕೇಳುತ್ತಾನೆ, ಮೂರು ಪಟ್ಟು ವೇಗದಲ್ಲಿ. ಕಣ್ಣಿದ್ದವರು ಪುಟದ ಮೇಲೆ ಕಣ್ಣು ಹಾಯಿಸಿದ ಹಾಗೆ ಕಣ್ಣು ಕಾಣದವರು ಕಿವಿ ಹಾಯಿಸುತ್ತಾರೆ. ಹಾಗೆ ಓಡಿಸಿದರೇ ಒಂದು ಪುಸ್ತಕ ಮೂರು ನಾಲ್ಕು ಸಲ ತಿರುವಿಹಾಕಲು ಆಗುವುದು. ನನಗೆ ಇದು ಗೊತ್ತೇ ಇರಲಿಲ್ಲ. ಕೇಳುತ್ತಾ ಕೇಳುತ್ತಾ ಆ ಕಿಚಪಿಚದೊಳಗಿನಿಂದ ನನಗೂ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು.

"ನಂದು ಹಾಕು, ಕೇಳೋಣ" ಎಂದೆ.

ಅವನು ಸ್ವಲ್ಪ ತಡವರಿಸಿ ಹಾಕಿದ. ಮಾಮೂಲು ವೇಗದಲ್ಲಿ. ಜೇನುತುಪ್ಪ.

"ಇದನ್ನೂ ಓಡಿಸೋ."

"ಬೇಡ ಬಿಡಿ ಅಕ್ಕ."

"ಓಡಿಸು ಅಂದೆ."

ಓಡಿಸಿದ. ಮಡಕೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಬುಳಬುಳ ಎಂದಿತು. ತುಂಬಿಕೊಂಡು ಬಂದ ಧ್ವನಿ, ರೂಮಿನ ಗೋಡೆಯಿಂದ ಮರಳಿದ ಸದ್ದು, ನಾನು ಉಸಿರಿನಲ್ಲಿ ಕರಗಿಸಿದ ಸಾಲಿನ ಕೊನೆ, ಎಲ್ಲ ಒಂದಕ್ಕೊಂದು ಮೆತ್ತಿಕೊಂಡು ಒಂದು ಪದವೂ ಬಿಡಿಯಾಗಿ ನಿಲ್ಲಲಿಲ್ಲ.

"ಮತ್ತೆ ಇಷ್ಟು ದಿನ ಹೇಗೆ ಕೇಳ್ದೆ?"

"ನಿಧಾನಕ್ಕೇ ಕೇಳ್ದೆ. ನಿದ್ದೆ ಸ್ವಲ್ಪ ಕಮ್ಮಿ ಮಾಡ್ಕೊಂಡೆ."

ಮುಖ ನೋಡಿದೆ. ಕಣ್ಣಿನ ಕೆಳಗೆ ಕಪ್ಪಗಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ಇಷ್ಟು ಮಾಡಿಯೂ ಪರೀಕ್ಷೆಗಿದ್ದ ಐದು ಪಠ್ಯಗಳಲ್ಲಿ ಎರಡನ್ನು ಒಂದೊಂದು ಸಲ ಮಾತ್ರ ಮುಗಿಸಿದ್ದ. ಉಳಿದದ್ದು ಐದು ವಾರ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ನನ್ನ ಸ್ವಭಾವಕ್ಕೆ ಸಿಟ್ಟೇ ಮೊದಲು ಹೊರಗೆ ಬಂತು.

"ಬಾಯಿ ಬಿಟ್ಟು ಹೇಳೋಕೆ ಏನು ಧಾಡಿ ನಿನಗೆ? ಅಲ್ಲಿ ನಾನು ಬೆಂದುಹೋಗ್ತಾ ಓದ್ತಿದ್ದೀನಿ, ಇಲ್ಲಿ ನೀನು ನಿದ್ದೆಗೆಟ್ಟು ಸಾಯ್ತಿದ್ದೀಯ!"

ಅವನು ಫೋನನ್ನು ಆರಿಸಿ ಪಕ್ಕಕ್ಕಿಟ್ಟ. "ಹೆಂಗೆ ಹೇಳ್ಲಿ ಅಕ್ಕ? ಓದಿಸ್ಕೊಳ್ಳೋನು ನಾನು. ಹಿಂದೆ ಒಬ್ರಿಗೆ ಸ್ವಲ್ಪ ಬಿಡಿಸಿ ಓದಿ ಅಂದೆ, ಮಾರನೇ ದಿನದಿಂದ ಅವರು ಫೋನೇ ಎತ್ಲಿಲ್ಲ. ಓದೋರಿಗೆ ಬೇಜಾರಾದ್ರೆ ಪುಸ್ತಕ ಅಲ್ಲಿಗೇ ಮುಚ್ಚಿಹೋಗುತ್ತೆ. ಅದಕ್ಕೇ ನಾನು ಯಾವತ್ತೂ ಯಾರಿಗೂ ತಪ್ಪು ಹೇಳಲ್ಲ."

ಮುಖಕ್ಕೆ ಮಂಗಳಾರತಿ ಎತ್ತಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಅವನಿಗೆ ಹಿಟ್ಟು ಬೇಕಾಗಿದ್ದಾಗ ನಾನು ಐದು ವಾರ ನನ್ನ ಜುಟ್ಟಿಗೆ ಹೂವು ಮುಡಿದಿದ್ದೆ. ಕೋಡುಬಳೆಯ ಡಬ್ಬಿ ತೆರೆದು ಅವನ ಕೈಗಿಟ್ಟೆ. ಅವನು ಎರಡು ತಿಂದ. ಆಮೇಲೆ, "ಏಳು, ಚಪ್ಪಲಿ ಹಾಕ್ಕೋ. ಚಲೋ" ಎಂದೆ.

"ಎಲ್ಲಿಗೆ ಅಕ್ಕ?"

"ಮೈಕಿನ ಅಂಗಡಿಗೆ. ಈ ಸಲ ನೀನೇ ಆರಿಸು. ಸಂಕೋಚ ಮಾಡಿದ್ರೆ ನೋಡು, ನನ್ನಷ್ಟು ಕೆಟ್ಟವಳು ಇಲ್ಲ."

ಅಂಗಡಿಯ ಮುದುಕ ನನ್ನನ್ನು ನೋಡಿದೊಡನೆ ಗುರುತು ಹಿಡಿದ. ವಿಷಯ ಹೇಳಿದೆ. ಅವನಿಗೆ ಅದೇನು ಹುಮ್ಮಸ್ಸು ಬಂತೋ, ಐದು ಮೈಕು ತಂದು ಕೌಂಟರಿನ ಮೇಲೆ ಸಾಲಾಗಿ ಇಟ್ಟ. ತನ್ನ ಬಿಲ್ ಪುಸ್ತಕ ತೆರೆದು, ಒಂದೊಂದು ಮೈಕಿಗೂ ಒಂದೊಂದು ಬಿಲ್ಲನ್ನು ಹಿಂದಿಯಲ್ಲಿ ಗಂಭೀರವಾಗಿ ಓದಿದ. ಕೇಬಲ್ ಎರಡು, ಸ್ಟ್ಯಾಂಡ್ ಒಂದು, ತೆರಿಗೆ ಇಷ್ಟು. ನಾನು ಅದೇ ಮೈಕುಗಳಿಗೆ ಒಂದೊಂದು ಪದ್ಯ ಓದಿದೆ. ಹುಡುಗ ಎಲ್ಲವನ್ನೂ ತನ್ನ ಫೋನಿಗೆ ಹಾಕಿಸಿಕೊಂಡು ಮೂರರ ವೇಗದಲ್ಲಿ ಓಡಿಸಿದ. ಕತ್ತು ಒಂದು ಕಡೆಗೆ ವಾಲಿಸಿ, ತುಟಿ ಬಿಗಿದುಕೊಂಡು ಕೇಳಿದ. ಅಂಗಡಿಯ ಮುಂದೆ ಚಹಾದವನೂ ಸೇರಿ ಐದಾರು ಜನ ನಿಂತುಬಿಟ್ಟರು.

"ಎರಡನೇದು ಬೇಡ, ಸ, ಶ ಎಲ್ಲ ಸೀಟಿ ಹೊಡೀತದೆ. ಮೂರನೇದು ನಿಮ್ಮ ಬಂಗಾರದ ಮೈಕಿನ ತಮ್ಮ. ಐದನೇದನ್ನ ಇನ್ನೊಂದು ಸಲ."

ಐದನೆಯದನ್ನು ಇನ್ನೊಂದು ಸಲ ಕೇಳಿದ. ಮುಖ ಅರಳಿತು. "ಇದೇ ಅಕ್ಕ. ಒಂದೊಂದು ಅಕ್ಷರಾನೂ ಬಿಡಿಬಿಡಿಯಾಗಿ ನಿಂತಿದೆ. ಇದು ಯಾವ್ದು?"

ನೋಡಿದೆ. ಕರೀದು, ಜಾಲರಿಯ ಗುಂಡಿನದು, ಐದರಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಬಹನ್‌ಜೀ, ಮೈನೇ ತೋ ಪೆಹಲೇ ದಿನ್ ಯಹೀ ದಿಯಾ ಥಾ." ಮೊದಲ ದಿನವೇ ಇದನ್ನೇ ಕೊಟ್ಟಿದ್ದೆನಲ್ಲ ಎಂದ. ಕೈಮುಗಿದೆ. ಗದ್ದಲದ ಶಾಮಿಯಾನದಲ್ಲಿ ಹಾಡುವವನ ಬಾಯಿಯ ಸದ್ದನ್ನು ಮಾತ್ರ ಹಿಡಿದು ಉಳಿದದ್ದನ್ನು ಬಿಟ್ಟುಬಿಡುವುದೇ ಆ ಮೈಕಿನ ಗುಣವಂತೆ. ಬಾಯಿಗೂ ಮೈಕಿಗೂ ಎರಡು ಬೆರಳಿನಷ್ಟೇ ದೂರವಿರಬೇಕು ಎಂದು ಬೆರಳಿಟ್ಟು ತೋರಿಸಿದ. ಕಂಪ್ಯೂಟರಿಗೆ ಜೋಡಿಸಲು ಒಂದು ಸಣ್ಣ ಡಬ್ಬಿಯನ್ನೂ ಕೊಟ್ಟ.

ಮೆಟ್ರೋದಲ್ಲಿ ವಾಪಸ್ ಬರುವಾಗ ಹುಡುಗ ಮೆಲ್ಲಗೆ ಕೇಳಿದ. "ಅಕ್ಕ, ಇನ್ನೊಂದು ಮಾತು ಹೇಳ್ಲಾ?"

"ಹೇಳೋ ಮಾರಾಯ. ಇನ್ನೇನು ಉಳಿದಿದೆ?"

"ಭಾವ ಬೇಡ ಅಕ್ಕ. ಬರೀ ಅಕ್ಷರ ಕೊಡಿ. ಭಾವ ನಾನು ಹಾಕ್ಕೋತೀನಿ. ಮತ್ತೆ, ಪದ್ಯದ ಸಾಲು ಎಲ್ಲಿ ಮುಗೀತದೆ ಅಂತ ಗೊತ್ತಾಗಲ್ಲ. ಅಲ್ಲಿ 'ಸಾಲು' ಅಂತ ಹೇಳಿಬಿಡಿ."

ಮರುದಿನ ಬೆಳಿಗ್ಗೆಯಿಂದ ಹಾಗೇ ಓದಿದೆ. ನನ್ನ ಆಫೀಸಿಗೆ ಮೂರು ವಾರ ರಜೆ ಹಾಕಿದೆ. ಪುಟ ಇಷ್ಟು. ಪದ್ಯ ಇಷ್ಟು. ಓದು. ಸಾಲು. ಓದು. ಸಾಲು. ಮೊದಮೊದಲು ಬಾಯಿಗೆ ಮರಳು ತುಂಬಿಕೊಂಡಂತಾಯಿತು. ಅಷ್ಟು ಚೆಂದದ ಪದ್ಯವನ್ನು ರೇಷನ್ ಕಾರ್ಡು ಓದಿದ ಹಾಗೆ ಓದಬೇಕಲ್ಲ! ಸಂಜೆಗೆ ಇವರು ಪುಸ್ತಕ ಹಿಡಿದು ಕೂತು ಕೇಳಿ, ಕಾರ್ಖಾನೆಯ ಅಭ್ಯಾಸದಂತೆ ಬಿಟ್ಟುಹೋದ ಪದಗಳನ್ನು ಗುರುತು ಹಾಕುತ್ತಿದ್ದರು. ಇವರನ್ನೂ ದಾಟಿ ಹೋದದ್ದಕ್ಕೆ ಅವನಿಂದ ಫೋನ್ ಬರುತ್ತಿತ್ತು. "ಪುಟ ನಲವತ್ತು, ಮೂರನೇ ಸಾಲು, ಕೊನೇ ಪದ ನುಂಗಿದ್ದೀರಿ ಅಕ್ಕ. ಮತ್ತೆ ಓದಿ." ಒಂದು ಸಲ ತಪ್ಪು ಹೇಳಲು ಧೈರ್ಯ ಬಂದದ್ದೇ ತಡ, ಮುಲಾಜೇ ಇಲ್ಲ. "ಎಲಾ ಇವನ, ತಲೆ ಮೇಲೇ ಕೂತುಬಿಟ್ಟ" ಎಂದು ಗೊಣಗುತ್ತಿದ್ದೆ. ಒಳಗೆ ಖುಷಿಯೇ ಆಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ.

ಒಂದು ಕಡೆ ಮಾತ್ರ ನನ್ನಿಂದ ಆಗಲಿಲ್ಲ. ಯುದ್ಧದಲ್ಲಿ ಗೆಳೆಯನನ್ನು ಕಳೆದುಕೊಂಡವನು ಹೆಣದ ಪಕ್ಕ ಕೂತು ಅಳುವ ಭಾಗ. ಭಾವ ಹಾಕಿ ಓದಿದಾಗ ನನಗೆ ಅಳು ಬಂದಿರಲಿಲ್ಲ. ಆಗ ನಾನು ನನ್ನ ಧ್ವನಿಯನ್ನು ಕೇಳಿಕೊಳ್ಳುತ್ತಿದ್ದೆನಲ್ಲ. ಅಕ್ಷರ ಅಕ್ಷರವಾಗಿ, ಸಪಾಟಾಗಿ, 'ಸಾಲು' 'ಸಾಲು' ಎನ್ನುತ್ತಾ ಹೋದಾಗ ಮೂರನೆಯ ಪದ್ಯಕ್ಕೆ ಕಣ್ಣು ತುಂಬಿ ಪುಸ್ತಕ ಕಾಣಲಿಲ್ಲ. ಮೂಗು ಒರೆಸಿಕೊಂಡು ಮುಂದಕ್ಕೆ ಓದಿದೆ. ಮತ್ತೆ ಓದುವಷ್ಟು ಸಮಯವಿರಲಿಲ್ಲ, ಹಾಗೇ ಕಳಿಸಿದೆ.

ಐದೂ ಪಠ್ಯ ಮುಗಿದವು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಎಲ್ಲವನ್ನೂ ಮೂರು ಸಲ ತಿರುವಿಹಾಕಿದನಂತೆ. ಅವನು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಡುವವರು ಬೇಕಾದ್ದರಿಂದ ಬೆಂಗಳೂರಿನ ಕೇಂದ್ರ ಆರಿಸಿಕೊಂಡಿದ್ದ. ಕನ್ನಡ ಪತ್ರಿಕೆ ಮುಗಿದ ಸಂಜೆ ಅಲ್ಲಿಂದಲೇ ಫೋನ್ ಮಾಡಿ ಬಿದ್ದುಬಿದ್ದು ನಕ್ಕ.

"ಅಕ್ಕ, ಅನಾಹುತ ಆಗೋಯ್ತು. ಪದ್ಯ ಹೇಳಿ ಬರೆಸುವಾಗ ನಿಮ್ಮ ಹಂಗೇ 'ಸಾಲು' 'ಸಾಲು' ಅಂದುಬಿಟ್ಟಿದ್ದೀನಿ. ಬರೆಯೋ ಹುಡುಗಿ ಪಾಪ, ಅದನ್ನೂ ಬರೆದುಬಿಟ್ಟಿದ್ದಾಳೆ! ಆಮೇಲೆ ಓದಿಸಿದಾಗ ಗೊತ್ತಾಗಿ ಎಲ್ಲ ಹೊಡೆಸಿ ಹಾಕಿದೆ."

ನಾನೂ ನಕ್ಕೆ. ಅವತ್ತು ನಮ್ಮ ಮನೆಯಲ್ಲಿ ಪಾಯಸ ಮಾಡಿದೆ, ಕುಕ್ಕರನ್ನೂ ಇಟ್ಟೆ. ಇವರು "ಗೆದ್ದೇ ಬಿಡ್ತಾನೆ ಬಿಡೇ" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಗೆಲ್ಲಲಿಲ್ಲ. ಚಳಿ ಶುರುವಾದ ಮೇಲೆ ಒಂದು ಸಂಜೆ ಫೋನ್ ಮಾಡಿ, "ಅಕ್ಕ, ಪಟ್ಟಿಯಲ್ಲಿ ನನ್ನ ನಂಬರ್ ಇಲ್ಲ" ಎಂದ. ಅಷ್ಟೇ.  ಆ ಮೊದಲ ಐದು ವಾರ ಹಾಳು ಮಾಡದಿದ್ದರೆ ಎಂದುಕೊಳ್ಳುತ್ತಾ ಫೋನ್ ಇಟ್ಟೆ. ರಾತ್ರಿ ಇವರ ಹತ್ತಿರ ಹೇಳಿಕೊಂಡು ಅತ್ತೆ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಊಟಕ್ಕೆ ಬಂದ. ಇವರು ಮೆಟ್ರೋ ಸ್ಟೇಷನ್ನಿನಿಂದ ಕರೆದುಕೊಂಡು ಬಂದರು. ಊರಿನಿಂದ ಬಂದಿದ್ದ ಮಂಡಕ್ಕಿಯ ದೊಡ್ಡ ಚೀಲ ಹೊತ್ತು ತಂದಿದ್ದ. ಇನ್ನು ಮೇಲೆ ಬಿ.ಎಡ್. ಮಾಡಿ ಕನ್ನಡ ಮೇಷ್ಟ್ರಾಗುವ ಯೋಚನೆ ಎಂದ. ನನಗೆ ತಡೆಯಲಾಗಲಿಲ್ಲ.

"ನನ್ನಿಂದ ಹೋಯ್ತು ಕಣೋ. ಆ ಐದು ವಾರ."

"ಹಂಗನ್ಬೇಡಿ ಅಕ್ಕ. ಎಲ್ಲಿ ಹೋಯ್ತೋ ನನಗೂ ಗೊತ್ತಿಲ್ಲ. ಕನ್ನಡದಲ್ಲಂತೂ ಹೋಗಿರಲ್ಲ." ನನ್ನ ಕಡೆ ಕತ್ತು ತಿರುಗಿಸಿ, "ಒಂದು ಕೇಳ್ಲಾ? ಆ ಗೆಳೆಯ ಸತ್ತ ಪದ್ಯ ಇದೆಯಲ್ಲ, ಅಲ್ಲಿ ನೀವು ಮೂಗು ಒರೆಸ್ಕೊಂಡಿದ್ದೀರಿ" ಎಂದ.

"ಅದೂ ಕೇಳಿಸ್ತಾ?"

"ಮೂರರ ವೇಗದಲ್ಲಿ ಟಿಕ್ ಅಂತ ಒಂದು ಸಣ್ಣ ಸದ್ದು ಅಷ್ಟೇ. ಪ್ರತಿ ಸಲ ಅಲ್ಲಿಗೆ ಬಂದಾಗ ಒಂದು ಗಳಿಗೆ ನಿಲ್ಲಬೇಕು ಅನ್ಸೋದು. ಟೈಮ್ ಇರ್ಲಿಲ್ಲ, ಓಡಿಸ್ತಿದ್ದೆ. ಈಗ ಯಾವ ಅವಸರಾನೂ ಇಲ್ಲ. ಅದನ್ನ ಒಂದು ಸಲ ನಿಮ್ಮ ಹಂಗೇ ಓದಿ ಅಕ್ಕ. ಭಾವ ಎಲ್ಲ ಹಾಕಿ."

ನಾನು ಎದ್ದು ಬೀರು ತೆರೆದು, ಬಂಗಾರದ ಮೈಕಿನ ಪೆಟ್ಟಿಗೆ ಹೊರಗೆ ತೆಗೆದೆ. ಪೆಟ್ಟಿಗೆಯ ಸದ್ದು ಕೇಳಿ ಅವನು ನಕ್ಕ.

"ಮೈಕ್ ಯಾಕೆ ಅಕ್ಕ? ಎದುರಿಗೇ ಕೂತಿದ್ದೀನಲ್ಲ."

ಪುಸ್ತಕ ತೆಗೆದುಕೊಂಡು ಅವನ ಎದುರು ಕೂತೆ. ನಿಧಾನಕ್ಕೆ ಓದಿದೆ. ಮೂರನೆಯ ಪದ್ಯಕ್ಕೆ ಬಂದಾಗ ಧ್ವನಿ ನಿಂತುಹೋಯಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಇವರು ಗಾಬರಿಯಾಗಿ ಗ್ಯಾಸ್ ಆರಿಸಲು ಓಡಿದರು.

"ಇರ್ಲಿ ಬಿಡ್ರೀ, ಕೂಗ್ಲಿ" ಎಂದೆ. ಮೂರು ಸಲ ಕೂಗಿತು. ಹುಡುಗ ಕತ್ತು ವಾಲಿಸಿಕೊಂಡು ಕಾಯುತ್ತಾ ಕೂತಿದ್ದ. ನಾನು ಕಣ್ಣು ಒರೆಸಿಕೊಂಡು ಅದೇ ಪದ್ಯವನ್ನು ಮೊದಲಿನಿಂದ ಓದಿದೆ.